ಚಂದಾ ಬೇಡುವ ಸೈಕಲ್, ಚಂದಾ ಬೇಡದ ಸೈಕಲ್

ಸೆಕೆಂಡ್ ಹ್ಯಾಂಡ್ ವ್ಯಾಯಾಮದ ಸೈಕಲ್ ಯಾವುದು ಕೊಳ್ಳಲಿ ಎಂದು ಯಾರಾದರೂ ಕೇಳಿದರೆ ಕಾನ್ಸೆಪ್ಟ್2 ಕಂಪನಿಯ ಬೈಕ್‌ಅರ್ಗ್ ಎಂದೇ ನಾನು ಹೇಳುತ್ತೇನೆ. ಅದಕ್ಕೂ ಮೊದಲು ದೊಡ್ಡ ಪರದೆಯ, ಇಂಟರ್‌ನೆಟ್‌ಗೆ ಜೋಡಿಸುವ ಬೇರೊಂದು ಸೈಕಲನ್ನು 450 ಡಾಲರಿಗೆ ಮನೆಗೆ ತಂದು ಒಂದು ಇಡೀ ಚಳಿಗಾಲ ಪಟ್ಟ ಪಾಡೇ ಈ ಮಾತಿಗೆ ಆಧಾರ. ಮಿಶಿಗನ್‌ನ ಹಿಮದಲ್ಲಿ ಹೊರಗೆ ನಡೆಯುವುದು ಸಾಧ್ಯವಿಲ್ಲದ ಕಾರಣ, ಮೊಣಕಾಲು ನೋವಿಗೆ ಮನೆಯೊಳಗೇ ಸೈಕಲ್ ತುಳಿಯುವಂತೆ ವೈದ್ಯರು ಹೇಳಿದ್ದರು.

ಮಾರಿದವರು ಊರು ಬಿಡುವ ಅವಸರದಲ್ಲಿದ್ದರು. ಅವರ ಮನೆಯಲ್ಲಿ, ಅವರದೇ ಖಾತೆಯಲ್ಲಿ ಆ ಸೈಕಲ್ ಚೆನ್ನಾಗಿಯೇ ನಡೆಯಿತು. ನಮ್ಮ ಮನೆಯಲ್ಲಿ ಸ್ವಿಚ್ ಹಾಕಿದಾಗ ಪರದೆ ಪಾಸ್‌ವರ್ಡ್ ಕೇಳಿ ನಿಂತುಬಿಟ್ಟಿತು. ಆ ಮಾದರಿಯಲ್ಲಿ ಪೆಡಲಿನ ಬಿಗಿಯನ್ನು ಹೆಚ್ಚುಕಡಿಮೆ ಮಾಡುವುದು ಒಂದು ಮೋಟರು; ಆ ಮೋಟರು ಪರದೆಯ ಮಾತನ್ನು ಮಾತ್ರ ಕೇಳುತ್ತದೆ. ಹೀಗಾಗಿ ಪರದೆಯಲ್ಲಿ ಶಿಕ್ಷಕರು ನಡೆಸುವ ಪಾಠಗಳು ಬೇಡ, ಸುಮ್ಮನೆ ತುಳಿದರೆ ಸಾಕು ಎಂದರೂ ಕೊನೆಯ ಸಲ ಯಾವ ಬಿಗಿಯಲ್ಲಿ ನಿಂತಿತ್ತೋ ಅದರಲ್ಲೇ ತುಳಿಯಬೇಕು, ಮತ್ತು ಅದು ನನ್ನ ಮೊಣಕಾಲಿಗೆ ಆಗುವಂತಿರಲಿಲ್ಲ.

ಕಂಪನಿಗೆ ಫೋನ್ ಮಾಡಿದೆ. ಹಳೆಯ ಖಾತೆಯಿಂದ ಯಂತ್ರವನ್ನು ಬಿಡಿಸಲು ಮೊದಲು ಕೊಂಡವರೇ ಇಮೇಲ್ ಮೂಲಕ ಒಪ್ಪಿಗೆ ಕೊಡಬೇಕು, ಇಲ್ಲವೇ ಅಂಗಡಿಯ ಮೂಲ ಬಿಲ್ಲನ್ನು ತೋರಿಸಬೇಕು ಎಂದರು. ನನಗೆ ಮಾರಿದವರು ತಾವೂ ಅದನ್ನು ಬೇರೊಬ್ಬರಿಂದ ಕೊಂಡಿದ್ದರು ಎಂಬುದು ಆಗ ತಿಳಿಯಿತು. ದುಡ್ಡು ಕೊಟ್ಟಾಗ ಅವರು ಬರೆದುಕೊಟ್ಟ ರಸೀದಿ ನನ್ನ ಬಳಿ ಇತ್ತು, ಯಂತ್ರದ ಕ್ರಮಸಂಖ್ಯೆಯ ಫೋಟೋ ಇತ್ತು, ಎರಡೂ ಸಾಲದಾದವು. ಮೊದಲ ಮಾಲೀಕರನ್ನು ಹುಡುಕಿ, ಅವರಿಂದ ಒಪ್ಪಿಗೆ ಬರುವ ಹೊತ್ತಿಗೆ 19 ದಿನಗಳು ಕಳೆದವು. ಅಷ್ಟಾದ ಮೇಲೂ ತಿಂಗಳಿಗೆ 40 ಡಾಲರ್ ಚಂದಾ ಕಟ್ಟದೆ ಅರ್ಧಕ್ಕೂ ಹೆಚ್ಚು ಸೌಲಭ್ಯಗಳು ತೆರೆಯಲಿಲ್ಲ.

ಅಮೆರಿಕದ ಸುಪ್ರೀಂ ಕೋರ್ಟ್ 2017ರಲ್ಲಿ ಲೆಕ್ಸ್‌ಮಾರ್ಕ್ ಕಂಪನಿಯ ಪ್ರಿಂಟರ್ ಕಾರ್ಟ್ರಿಜ್‌ಗಳ ಮೊಕದ್ದಮೆಯಲ್ಲಿ, ತಯಾರಕರು ವಸ್ತುವನ್ನು ಒಮ್ಮೆ ಮಾರಿದರೆ ಅದರ ಮೇಲಿನ ಅವರ ಪೇಟೆಂಟ್ ಹಕ್ಕು ಅಲ್ಲಿಗೆ ಮುಗಿಯುತ್ತದೆ ಎಂದು ತೀರ್ಪು ಕೊಟ್ಟಿದೆ. ಆದರೆ ಇಂಥ ಸೈಕಲ್ಲಿನ ಸಾಫ್ಟ್‌ವೇರನ್ನು ಕಂಪನಿಗಳು ಮಾರುವುದಿಲ್ಲ, ಬಳಸಲು ಪರವಾನಗಿ ಮಾತ್ರ ಕೊಡುತ್ತವೆ. ಕಬ್ಬಿಣ, ಪೆಡಲು, ಪರದೆ ಇವೆಲ್ಲ ನನ್ನ ಸ್ವಂತವಾದರೂ ಅವನ್ನು ನಡೆಸುವ ಅಪ್ಪಣೆ ಇನ್ನೊಬ್ಬರ ಕೈಯಲ್ಲೇ ಉಳಿಯುತ್ತದೆ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ನಾನು ಕೊಂಡದ್ದು ಇಂಥ ಪರದೆಯ ಸೈಕಲ್ಲುಗಳಿಗೆ ಹೆಸರಾದ ಪೆಲೊಟಾನ್ ಕಂಪನಿಯದಲ್ಲ, ಆದರೂ ಅದರ ಸೈಕಲ್ಲನ್ನು ಕೊಳ್ಳಬೇಕೆಂದಿರುವವರು ಒಂದು ವಿಷಯ ತಿಳಿದಿರಬೇಕು: 2024ರ ಆಗಸ್ಟ್‌ನಿಂದ, ಬೇರೆಯವರಿಂದ ಕೊಂಡ ಪೆಲೊಟಾನ್ ಸೈಕಲ್ಲಿಗೆ ಚಂದಾ ಆರಂಭಿಸುವವರು ಅಮೆರಿಕದಲ್ಲಿ 95 ಡಾಲರ್, ಕೆನಡಾದಲ್ಲಿ ಅಲ್ಲಿಯ 125 ಡಾಲರ್ ಆಕ್ಟಿವೇಶನ್ ಶುಲ್ಕ ಕೊಡಬೇಕೆಂದು ಆ ಕಂಪನಿ ಪ್ರಕಟಿಸಿತು. ಚೌಕಾಸಿ ಮಾಡುವಾಗ ಈ ಮೊತ್ತವನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಬೇಕು.

ಬೈಕ್‌ಅರ್ಗ್ ನನಗೆ 780 ಡಾಲರಿಗೆ ಸಿಕ್ಕಿತು. ಅದರ ಪಿಎಂ5 ಮಾನಿಟರ್ ಚಿಕ್ಕದು, ಬಣ್ಣಬಣ್ಣದ ಚಿತ್ರಗಳಿಲ್ಲ, ದಪ್ಪ ಬ್ಯಾಟರಿ ಸೆಲ್‌ಗಳಿಂದ ನಡೆಯುತ್ತದೆ. ಮನೆಗೆ ತಂದ ಹತ್ತು ನಿಮಿಷದೊಳಗೆ ನಾನು ತುಳಿಯುತ್ತಿದ್ದೆ, ಏಕೆಂದರೆ ಅದು ಯಾರ ಹೆಸರನ್ನೂ ಕೇಳುವುದಿಲ್ಲ. ಬಿಗಿ ಬರುವುದು ಗಾಳಿಯಿಂದ. ಗಾಳಿಯ ಪ್ರಮಾಣವನ್ನು 1ರಿಂದ 10ರವರೆಗಿನ ಅಂಕಿಗಳಿರುವ ಹಿಡಿಯಲ್ಲಿ ಕೈಯಿಂದಲೇ ಬದಲಿಸಬಹುದು. ದಿನದ ಲೆಕ್ಕ ಬರೆದಿಡುವ ಅರ್ಗ್‌ಡೇಟಾ ಆ್ಯಪ್‌ಗೆ ದುಡ್ಡಿಲ್ಲ, ಅದಿಲ್ಲದಿದ್ದರೂ ಯಂತ್ರ ನಡೆಯುತ್ತದೆ. ಸೀಟು ಗಟ್ಟಿಯೆನಿಸಿದ್ದರಿಂದ ಸಾಮಾನ್ಯ ಸೈಕಲ್ ಅಂಗಡಿಯದನ್ನೇ ತಂದು ಹಾಕಿಕೊಂಡೆ, ಸರಿಯಾಗಿ ಕೂತಿತು. ದೋಷವೆಂದರೆ ಸದ್ದು: ಜೋರಾಗಿ ತುಳಿದಷ್ಟೂ ಗಾಳಿಯ ಸದ್ದು ಏರುತ್ತದೆ, ಪಕ್ಕದ ಕೋಣೆಯಲ್ಲಿ ಮಗು ಮಲಗಿದ್ದರೆ ಕಷ್ಟ.

ಗೆಳತಿಯ ಮನೆಯಲ್ಲಿ ಕೆಲವು ದಿನ ತುಳಿದ ಶ್ವಿನ್ ಕಂಪನಿಯ ಐಸಿ4 ಸೈಕಲ್ ಇದಕ್ಕಿಂತ ನಿಶ್ಶಬ್ದವಾಗಿತ್ತು; ತಿರುಪಿನಿಂದಲೇ ಬಿಗಿ ಬದಲಿಸುವ ಅದೂ ಒಳ್ಳೆಯ ಆಯ್ಕೆಯೇ.

ನಾನು ಬೆಳಿಗ್ಗೆ ಅರ್ಧ ಗಂಟೆ ರೇಡಿಯೊ ಕೇಳುತ್ತಾ ತುಳಿಯುವವಳು. ಪರದೆಯಲ್ಲಿ ಶಿಕ್ಷಕರು ಹುರಿದುಂಬಿಸಬೇಕಾದ ಅಗತ್ಯ ನನಗಿಲ್ಲ. 450 ಡಾಲರಿನ ಸೈಕಲ್ಲು ಎರಡು ವರ್ಷದ ಚಂದಾ ಸೇರಿದರೆ 1,410 ಡಾಲರ್ ಆಗುತ್ತಿತ್ತು, 780ರದ್ದು 780ಕ್ಕೇ ನಿಂತಿದೆ. ಶಿಕ್ಷಕರಿಲ್ಲದೆ ಸೈಕಲ್ ಏರುವ ಮನಸ್ಸೇ ಬರುವುದಿಲ್ಲ ಎನ್ನುವವರು ಪರದೆಯದನ್ನು ಕೊಳ್ಳಲಿ. ಆದರೆ ಮಾರುವವರು ತಮ್ಮ ಖಾತೆಯನ್ನು ನಿಮ್ಮ ಕಣ್ಣೆದುರೇ ಯಂತ್ರದಿಂದ ತೆಗೆದುಹಾಕಿ, ನಿಮ್ಮ ಖಾತೆಯಲ್ಲಿ ಯಂತ್ರ ತೆರೆದುಕೊಂಡ ಮೇಲೆಯೇ ದುಡ್ಡು ಕೊಡಿ, ಮೂಲ ಬಿಲ್ಲಿನ ಪ್ರತಿಯನ್ನೂ ಕೇಳಿ ಪಡೆಯಿರಿ.