ಶಾಲೆಯ ಫಲಕದ ಮೇಲೆ ದಿನಕ್ಕೊಂದು ಆಕಾಶ: ಏಪಾಡ್ ಬಳಸಿದ ಹದಿನೈದು ವರ್ಷಗಳ ಅನುಭವ

ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವ ನಾನು, ಅಂತರರಾಷ್ಟ್ರೀಯ ಖಗೋಳ ವರ್ಷವೆಂದು ಆಚರಿಸಲಾದ 2009ರಲ್ಲಿ ನಾಸಾದ ‘ಆಸ್ಟ್ರಾನಮಿ ಪಿಕ್ಚರ್ ಆಫ್ ದಿ ಡೇ’ ಎಂಬ ಸೇವೆಯನ್ನು ನೋಡಲು ಆರಂಭಿಸಿದೆ. ಬಳಸುವವರೆಲ್ಲ ಇದನ್ನು ಚಿಕ್ಕದಾಗಿ ಏಪಾಡ್ ಎನ್ನುತ್ತಾರೆ. ಹಣ ಕೇಳದ, ಖಾತೆ ತೆರೆಯೆಂದು ಒತ್ತಾಯಿಸದ, ಜಾಹೀರಾತು ತೋರಿಸದ ಸೇವೆಗೂ ವಿಮರ್ಶೆ ಬೇಕೇ ಎಂದು ಸಹೋದ್ಯೋಗಿಯೊಬ್ಬರು ನಕ್ಕರು. ದುಡ್ಡು ಕೊಟ್ಟಿಲ್ಲ, ನಿಜ. ಆದರೆ ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ದಿನಕ್ಕೆ ಹತ್ತು ನಿಮಿಷದಂತೆ ಇದಕ್ಕೆ ಕೊಟ್ಟಿದ್ದೇನೆ, ನನ್ನ ವಿದ್ಯಾರ್ಥಿಗಳಿಂದಲೂ ಕೊಡಿಸಿದ್ದೇನೆ. ಆ ಹತ್ತು ನಿಮಿಷಗಳ ಲೆಕ್ಕವನ್ನು ಒಪ್ಪಿಸಲು ಇಷ್ಟನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ ಮೊದಲು ಪರಿಚಯ. ರಾಬರ್ಟ್ ನೆಮಿರಾಫ್ ಮತ್ತು ಜೆರ್ರಿ ಬಾನೆಲ್ ಎಂಬ ಇಬ್ಬರು ಖಗೋಳ ವಿಜ್ಞಾನಿಗಳು 1995ರ ಜೂನ್ 16ರಂದು ಇದನ್ನು ಆರಂಭಿಸಿದರು. ದಿನಕ್ಕೆ ಒಂದೇ ಚಿತ್ರ, ಅದರ ಕೆಳಗೆ ವೃತ್ತಿಪರ ಖಗೋಳ ವಿಜ್ಞಾನಿಯೊಬ್ಬರು ಬರೆದ ಒಂದು ಪುಟ್ಟ ವಿವರಣೆ, ತಳದಲ್ಲಿ ನಾಳಿನ ಚಿತ್ರದ ಬಗ್ಗೆ ಎರಡು ಮೂರು ಪದಗಳ ಸುಳಿವು. ಚಿತ್ರವು ದೂರದರ್ಶಕ ಸೆರೆಹಿಡಿದ ನೀಹಾರಿಕೆಯೂ ಆಗಿರಬಹುದು, ಬೊಲಿವಿಯಾದ ಉಪ್ಪಿನ ಬಯಲಿನ ಮೇಲೆ ನಿಂತ ತೆಳು ನೀರಿನಲ್ಲಿ ಪ್ರತಿಫಲಿಸಿದ ಆಕಾಶಗಂಗೆಯೂ ಆಗಿರಬಹುದು. ಭೂಮಿ ಮತ್ತು ಆಕಾಶಗಳನ್ನು ಬೇರೆ ಬೇರೆ ಖಾನೆಗಳಲ್ಲಿ ಇಡದಿರುವುದು ಇದರ ಗುಣ. ಪುಟದ ವಿನ್ಯಾಸ ಆರಂಭದ ದಿನಗಳಿಂದ ಹೆಚ್ಚು ಬದಲಾಗಿಲ್ಲ. ಹೊಸಬರಿಗೆ ಅದು ಹಳೆಯ ಕಾಲದ್ದೆನಿಸಬಹುದು. 2009ರ ನಮ್ಮೂರಿನ ಅಂತರ್ಜಾಲದ ವೇಗಕ್ಕೆ ಮಾತ್ರ ಅದು ವರವೇ ಆಗಿತ್ತು. ಅಕ್ಷರಗಳು ಮೊದಲು ಮೂಡುತ್ತಿದ್ದವು, ಚಿತ್ರ ಆಮೇಲೆ ಮೇಲಿನಿಂದ ಪರದೆಯಂತೆ ಇಳಿಯುತ್ತಿತ್ತು. ಹೀಗಾಗಿ ವಿವರಣೆಯನ್ನು ಓದಿದ ಮೇಲೆಯೇ ಚಿತ್ರವನ್ನು ನೋಡುವ ಅಭ್ಯಾಸ ನನಗೆ ಬಿದ್ದುಹೋಯಿತು. ವೇಗ ಬಂದ ಮೇಲೂ ಅದನ್ನು ಬಿಟ್ಟಿಲ್ಲ.

ಹೊಸ ಚಿತ್ರ ಅಮೆರಿಕದ ಪೂರ್ವ ಕರಾವಳಿಯ ಮಧ್ಯರಾತ್ರಿಗೆ ಬರುತ್ತದೆ, ಎಂದರೆ ನಮ್ಮಲ್ಲಿ ಬೆಳಿಗ್ಗೆ ಒಂಬತ್ತೂವರೆ. ಅವರ ಚಳಿಗಾಲದ ಗಡಿಯಾರದ ತಿಂಗಳುಗಳಲ್ಲಿ ಹತ್ತೂವರೆ. ನಮ್ಮ ಪ್ರಾರ್ಥನೆಯ ಹೊತ್ತಿಗೆ ಅದು ಸಿಗುವುದು ಖಚಿತವಲ್ಲವಾದ್ದರಿಂದ ಫಲಕಕ್ಕೆ ಏರುವುದು ಹಿಂದಿನ ದಿನದ ಚಿತ್ರವೇ. ವಿವರಣೆಯನ್ನು ನಾನು ನಾಲ್ಕೈದು ಕನ್ನಡ ವಾಕ್ಯಗಳಲ್ಲಿ ಬರೆದು ಕೆಳಗೆ ಅಂಟಿಸುತ್ತೇನೆ. ಮೊದಲ ವರ್ಷ ಪಟ್ಟಣದ ಅಂಗಡಿಯೊಂದರಲ್ಲಿ ಮಾಡಿಸಿದ ಮುದ್ರಣಗಳಲ್ಲಿ ಆಕಾಶವೆಲ್ಲ ಡಾಂಬರು ಬಳಿದಂತೆ ಕಂಡು, ನಕ್ಷತ್ರಗಳಿಗಿಂತ ಶಾಯಿಯ ಚುಕ್ಕೆಗಳೇ ಹೆಚ್ಚಾಗಿದ್ದವು. ಮುದ್ರಣಕ್ಕೆ ಕಳಿಸುವ ಮುನ್ನ ಚಿತ್ರವನ್ನು ಕೊಂಚ ಬೆಳ್ಳಗೆ ಮಾಡಬೇಕು, ನುಣುಪು ಕಾಗದವನ್ನೇ ಬಳಸಬೇಕು ಎಂಬುದನ್ನು ಹೀಗೆ ನಷ್ಟದಿಂದ ಕಲಿತೆ.

ಬೆರಗು ಹುಟ್ಟಿಸುವ ರಾತ್ರಿಯಾಕಾಶದ ಚಿತ್ರಗಳು ಈಗ ಎಲ್ಲೆಂದರಲ್ಲಿ ಸಿಗುತ್ತವೆ. ಹಾಗಿದ್ದೂ ಇದನ್ನೇ ಹಿಡಿದುಕೊಂಡಿರಲು ಕಾರಣ, ಚಿತ್ರವನ್ನು ಹೇಗೆ ತೆಗೆಯಲಾಯಿತು ಎಂಬುದನ್ನು ಇದು ಬಹುಮಟ್ಟಿಗೆ ಹೇಳಿಬಿಡುತ್ತದೆ. 2000ನೇ ಇಸವಿಯ ನವೆಂಬರಿನಲ್ಲಿ ಪ್ರಕಟವಾದ, ಇಡೀ ಭೂಮಿಯ ರಾತ್ರಿದೀಪಗಳನ್ನು ತೋರಿಸುವ ಪ್ರಸಿದ್ಧ ಚಿತ್ರವನ್ನು ಹಳೆಯ ಸಂಗ್ರಹದಿಂದ ತೆಗೆದು ಒಮ್ಮೆ ಫಲಕಕ್ಕೆ ಹಾಕಿದ್ದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅದನ್ನು ಎರಡು ದಿನ ನೋಡಿ, ಮೂರನೆಯ ದಿನ ‘ಸಾರ್, ಎಲ್ಲ ಕಡೆ ಒಟ್ಟಿಗೇ ರಾತ್ರಿ ಆಗುವುದು ಹೇಗೆ?’ ಎಂದು ಕೇಳಿದಳು. ಅದು ಒಂದು ಕ್ಷಣದ ಛಾಯಾಚಿತ್ರವಲ್ಲ, ಉಪಗ್ರಹಗಳು ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ನೂರಾರು ಚಿತ್ರಗಳನ್ನು ಹೊಲಿದು ಮಾಡಿದ ನಕ್ಷೆ ಎಂದು ಮೂಲ ವಿವರಣೆಯಲ್ಲಿಯೇ ಇತ್ತು. ನಾನು ಕನ್ನಡಕ್ಕೆ ತರುವಾಗ ಆ ಸಾಲನ್ನು ಜಾಗ ಸಾಲದೆಂದು ಬಿಟ್ಟಿದ್ದೆ. ಅಂದಿನಿಂದ ‘ಹೇಗೆ ತೆಗೆದದ್ದು’ ಎಂಬ ಸಾಲನ್ನು ನಾನು ಬಿಟ್ಟಿಲ್ಲ, ಬೇರೇನನ್ನು ಬಿಟ್ಟರೂ.

ಆ ಸಾಲು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2014ರ ಮಾರ್ಚಿನಲ್ಲಿ ಕಂಡೆ. ನೇರಳೆ, ಕಿತ್ತಳೆ ಬಣ್ಣಗಳಲ್ಲಿ ಉರಿಯುವ ಆಕಾಶಗಂಗೆಯ ಚಿತ್ರಗಳನ್ನು ವಾರಗಟ್ಟಲೆ ನೋಡಿದ್ದ ಹದಿನಾಲ್ಕು ವಿದ್ಯಾರ್ಥಿಗಳನ್ನು, ಅವರ ಪೋಷಕರ ಒಪ್ಪಿಗೆ ಪಡೆದು, ನಸುಕಿನ ನಾಲ್ಕು ಗಂಟೆಗೆ ಊರಾಚೆಯ ಗುಡ್ಡಕ್ಕೆ ಕರೆದೊಯ್ದೆ. ಆಕಾಶ ಶುಭ್ರವಾಗಿತ್ತು, ಆಕಾಶಗಂಗೆ ಚೆನ್ನಾಗಿಯೇ ಕಂಡಿತು. ಆದರೆ ಅದು ಬೂದಿ ಬಳಿದಂತಹ ಬಿಳಿಯ ಪಟ್ಟಿಯಾಗಿತ್ತು. ‘ಇಷ್ಟೇನಾ?’ ಎಂಬ ಮಾತು ಕತ್ತಲಲ್ಲಿ ಎಲ್ಲಿಂದಲೋ ಬಂತು. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿನ ದಂಡಕೋಶಗಳು ಮಾತ್ರ ಕೆಲಸ ಮಾಡುತ್ತವೆ, ಅವುಗಳಿಗೆ ಬಣ್ಣ ತಿಳಿಯದು. ಕ್ಯಾಮೆರಾ ಹಾಗಲ್ಲ, ಇಪ್ಪತ್ತು ಮೂವತ್ತು ಸೆಕೆಂಡು ಬಾಗಿಲು ತೆರೆದಿಟ್ಟು ಬೆಳಕನ್ನು ಕೂಡಿಡುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ತೆರೆದಿಟ್ಟರೆ, ಆಕಾಶ ನಿಮಿಷಕ್ಕೆ ಕಾಲು ಡಿಗ್ರಿಯಂತೆ ಸರಿಯುವುದರಿಂದ ಚುಕ್ಕೆಗಳು ಗೀಟುಗಳಾಗುತ್ತವೆ. ಆದ್ದರಿಂದ ಅನೇಕರು ಆಕಾಶದೊಂದಿಗೆ ತಿರುಗುವ ಯಂತ್ರದ ಮೇಲೆ ಕ್ಯಾಮೆರಾ ಇಟ್ಟು ಆಕಾಶವನ್ನೂ, ಯಂತ್ರ ನಿಲ್ಲಿಸಿ ನೆಲವನ್ನೂ ಬೇರೆ ಬೇರೆಯಾಗಿ ತೆಗೆದು ಕೂಡಿಸುತ್ತಾರೆ. ಇದು ಮೋಸವಲ್ಲ, ಹೇಳಿ ಮಾಡಿದಾಗ. ಇವನ್ನೆಲ್ಲ ನಾನು ಗುಡ್ಡ ಹತ್ತುವ ಮೊದಲೇ ಹೇಳಬೇಕಿತ್ತು.

ದೂರದರ್ಶಕದ ಚಿತ್ರಗಳ ಬಣ್ಣದ ವಿಷಯವೂ ಹೀಗೆಯೇ. ಹಬಲ್ ದೂರದರ್ಶಕ 1995ರಲ್ಲಿ ತೆಗೆದ, ‘ಸೃಷ್ಟಿಯ ಸ್ತಂಭಗಳು’ ಎಂದು ಹೆಸರಾದ ಚಿತ್ರದಲ್ಲಿ ಗಂಧಕದ ಬೆಳಕಿಗೆ ಕೆಂಪು, ಜಲಜನಕದ್ದಕ್ಕೆ ಹಸಿರು, ಆಮ್ಲಜನಕದ್ದಕ್ಕೆ ನೀಲಿ ಎಂದು ಬಣ್ಣಗಳನ್ನು ಹಂಚಲಾಗಿದೆ. 2022ರ ಜುಲೈಯಿಂದ ಬರತೊಡಗಿದ ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳಂತೂ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನವು. ಕಾಣುವ ಬಣ್ಣಗಳಿಗೆ ಅನುವಾದಗೊಂಡು ನಮ್ಮ ಮುಂದೆ ಬರುತ್ತವೆ. ‘ಅನುವಾದ’ ಎಂಬ ಪದ ವಿದ್ಯಾರ್ಥಿಗಳಿಗೆ ತಕ್ಷಣ ಹಿಡಿಸಿತು. ‘ಸುಳ್ಳು ಬಣ್ಣ’ ಎನ್ನುತ್ತಿದ್ದಾಗ ಅವರು ಚಿತ್ರವನ್ನೇ ನಂಬುತ್ತಿರಲಿಲ್ಲ.

ದೈತ್ಯ ಚಂದ್ರನ ಮುಂದೆ ದೇಗುಲವೋ ಬೆಟ್ಟವೋ ನಿಂತ ಚಿತ್ರಗಳು ನನ್ನ ಮಟ್ಟಿಗೆ ಪಾಠಕ್ಕೆ ಎಲ್ಲಕ್ಕಿಂತ ಒದಗಿಬಂದವು. ಚಂದ್ರ ಆಕಾಶದಲ್ಲಿ ಆಕ್ರಮಿಸುವುದು ಸುಮಾರು ಅರ್ಧ ಡಿಗ್ರಿ, ದಿಗಂತದಲ್ಲಿದ್ದರೂ ಅಷ್ಟೇ, ನೆತ್ತಿಯಲ್ಲಿದ್ದರೂ ಅಷ್ಟೇ. ದೊಡ್ಡದಾಗಿ ಕಾಣಿಸುವುದಕ್ಕೆ ಛಾಯಾಗ್ರಾಹಕ ಕಟ್ಟಡದಿಂದ ದೂರ ಸರಿದು ಟೆಲಿಫೋಟೋ ಮಸೂರ ಹಾಕಿರುತ್ತಾನೆ. ಒಂದು ಕಿಲೋಮೀಟರ್ ದೂರದಿಂದ ಸುಮಾರು 9 ಮೀಟರ್ ಎತ್ತರದ ವಸ್ತು ಚಂದ್ರನಷ್ಟೇ ಕಾಣುತ್ತದೆ. ಹಾಗಾದರೆ ಶ್ರವಣಬೆಳಗೊಳದ ಸುಮಾರು 58 ಅಡಿಯ ಗೊಮ್ಮಟ ಹುಣ್ಣಿಮೆಯ ಚಂದ್ರನೊಳಗೆ ಅಡಗಬೇಕಾದರೆ ನಾವು ಎಷ್ಟು ದೂರ ನಿಲ್ಲಬೇಕು ಎಂದು ಕೇಳಿದೆ. ಹತ್ತನೇ ತರಗತಿ ಐದೇ ನಿಮಿಷದಲ್ಲಿ ‘ಸುಮಾರು ಎರಡು ಕಿಲೋಮೀಟರ್’ ಎಂದಿತು. ಪ್ರವಾಸ ಹೋಗಿಬಂದಿದ್ದ ಒಬ್ಬ ಮಾತ್ರ, ಸುತ್ತಲಿನ ಕಟ್ಟಡದ ಗೋಡೆಯಿಂದಾಗಿ ದೂರಕ್ಕೆ ಮೇಲ್ಭಾಗವಷ್ಟೇ ಕಾಣುವುದರಿಂದ ಈ ಲೆಕ್ಕ ನಡೆಯುವುದಿಲ್ಲ ಎಂದ. ಅವನಿಗೂ ಪೂರ್ಣ ಅಂಕ ಕೊಟ್ಟೆ.

ಕರ್ನಾಟಕದಲ್ಲಿ ಕುಳಿತು ಬಳಸುವವರು ಒಂದನ್ನು ಗಮನದಲ್ಲಿಡಬೇಕು. ಪ್ರಕಟವಾಗುವ ಭೂದೃಶ್ಯಗಳಲ್ಲಿ ಗಣನೀಯ ಭಾಗ ಯುರೋಪ್ ಮತ್ತು ಉತ್ತರ ಅಮೆರಿಕದವು. ಕ್ಯಾಮೆರಾವನ್ನು ಬಹಳ ಹೊತ್ತು ತೆರೆದಿಟ್ಟು ಚುಕ್ಕೆಗಳನ್ನು ಗೀಟುಗಳಾಗಿ ತೋರಿಸುವ ಅಲ್ಲಿನ ನಕ್ಷತ್ರಪಥದ ಚಿತ್ರಗಳಲ್ಲಿ ಧ್ರುವನಕ್ಷತ್ರ ಆಕಾಶದ ನಡುಮಧ್ಯದವರೆಗೂ ಏರಿ, ಅದರ ಸುತ್ತ ಪೂರ್ಣ ವೃತ್ತಗಳು ಮೂಡಿರುತ್ತವೆ. ಧ್ರುವನ ಎತ್ತರ ನಾವು ನಿಂತ ಸ್ಥಳದ ಅಕ್ಷಾಂಶದಷ್ಟೇ ಆದ್ದರಿಂದ ಬೆಂಗಳೂರಿನಲ್ಲಿ ಅದು ಸುಮಾರು 13 ಡಿಗ್ರಿ, ಬೀದರಿನಲ್ಲಿಯೂ 18ನ್ನು ದಾಟದು. ನಮ್ಮ ಶಾಲೆಯಿಂದ ಅದು ಎದುರಿನ ಗುಡ್ಡದ ಅಡಿಕೆ ಮರಗಳ ಹಿಂದೆಯೇ ಉಳಿದುಬಿಡುತ್ತದೆ. ಹಾಗೆಂದು ಕೊರಗಬೇಕಾಗಿಲ್ಲ. ಇಲ್ಲಿ ಪೂರ್ವದ ನಕ್ಷತ್ರಗಳು ಹೆಚ್ಚುಕಡಿಮೆ ನೇರವಾಗಿ ಮೇಲೇಳುತ್ತವೆ, ಏಪ್ರಿಲ್ ಮೇ ತಿಂಗಳಲ್ಲಿ ದಕ್ಷಿಣದ ದಿಗಂತದ ಮೇಲೆ ತ್ರಿಶಂಕು ನಕ್ಷತ್ರಪುಂಜ ನಿಲ್ಲುತ್ತದೆ, ಆಕಾಶಗಂಗೆಯ ಕೇಂದ್ರ ಸುಮಾರು 48 ಡಿಗ್ರಿ ಎತ್ತರಕ್ಕೆ ಬರುತ್ತದೆ. ಲಂಡನ್ನಿನವರಿಗೆ ಅದು ದಿಗಂತದಿಂದ ಹತ್ತು ಡಿಗ್ರಿಯನ್ನೂ ಏರುವುದಿಲ್ಲ.

ಉಳಿದ ವಿವರಗಳು ಚಿಕ್ಕವು. ಹಳೆಯ ಜನಪ್ರಿಯ ಚಿತ್ರಗಳು ಆಗಾಗ, ಹೆಚ್ಚಾಗಿ ವಾರಾಂತ್ಯದಲ್ಲಿ, ಮರಳಿ ಬರುತ್ತವೆ. ಪ್ರತಿವರ್ಷ ಹೊಸ ವಿದ್ಯಾರ್ಥಿಗಳು ಬರುವ ನನಗೆ ಅದು ಅನುಕೂಲವೇ. ಕೆಲವು ದಿನ ಚಿತ್ರದ ಬದಲು ವಿಡಿಯೊ ಇರುತ್ತದೆ, ಕಾಗದದ ಫಲಕಕ್ಕೆ ಅದು ಒಗ್ಗದು. ಏಪ್ರಿಲ್ 1ರಂದು ಎಚ್ಚರದಿಂದಿರಿ: 2005ರಲ್ಲಿ ‘ಮಾರ್ಸ್ ಮೇಲೆ ನೀರು’ ಎಂಬ ಶೀರ್ಷಿಕೆಯಡಿ ಪ್ರಕಟವಾದದ್ದು ಮಾರ್ಸ್ ಚಾಕೊಲೇಟಿನ ಮೇಲಿಟ್ಟ ಒಂದು ಲೋಟ ನೀರಿನ ಚಿತ್ರ. ಹಕ್ಕುಸ್ವಾಮ್ಯದ ವಿಷಯದಲ್ಲಿ ಮಾತ್ರ ತಮಾಷೆ ಬೇಡ. ನಾಸಾ ತಾನೇ ತೆಗೆದ ಚಿತ್ರಗಳನ್ನು ಸಾಮಾನ್ಯವಾಗಿ ಮುಕ್ತವಾಗಿ ಬಳಸಬಹುದಾದರೂ, ಖಾಸಗಿ ಛಾಯಾಗ್ರಾಹಕರ ಹೆಸರಿನೊಂದಿಗೆ ಹಕ್ಕಿನ ಗುರುತು ಇರುವ ಚಿತ್ರವನ್ನು ಪುಸ್ತಕಕ್ಕೋ ಕ್ಯಾಲೆಂಡರಿಗೋ ಬಳಸಬೇಕಾದರೆ ಅವರ ಅನುಮತಿ ಬೇಕು. ಐದಕ್ಕೆ ಎಷ್ಟು ಅಂಕ ಎಂದು ಕೇಳುವವರಿಗೆ: ಐದು.

ಕೊನೆಯದಾಗಿ, ಈ ಸೇವೆಯಿಂದ ನಮ್ಮ ಅಂಗಳಕ್ಕೆ ಇಳಿದುಬಂದ ಒಂದು ಚಿತ್ರದ ಬಗ್ಗೆ. ವರ್ಷವಿಡೀ ಒಂದೇ ಸ್ಥಳದಿಂದ, ಗಡಿಯಾರದ ಒಂದೇ ಹೊತ್ತಿಗೆ ಸೂರ್ಯನನ್ನು ಸೆರೆಹಿಡಿದರೆ ಆಕಾಶದಲ್ಲಿ ಇಂಗ್ಲಿಷಿನ 8ರ ಆಕೃತಿ ಮೂಡುತ್ತದೆ. ಭೂಮಿಯ ಅಕ್ಷದ ಓರೆ ಮತ್ತು ಅದರ ಕಕ್ಷೆಯ ಅಂಡಾಕಾರ ಇದಕ್ಕೆ ಕಾರಣ. ಗ್ರೀಸಿನ ಹಳೆಯ ದೇಗುಲಗಳ ಮೇಲೆ ಅಂಥ ಆಕೃತಿ ತೂಗುವ ಚಿತ್ರಗಳನ್ನು ಕಂಡ ವಿದ್ಯಾರ್ಥಿಗಳು, ಕ್ಯಾಮೆರಾ ಇಲ್ಲದಿದ್ದರೇನು ಎಂದು ಧ್ವಜಸ್ತಂಭದ ಪಕ್ಕದಲ್ಲಿ ಒಂದು ಕಬ್ಬಿಣದ ಸರಳು ನೆಟ್ಟು, ಪ್ರತಿ ಸೋಮವಾರ ಮಧ್ಯಾಹ್ನ 12.30ಕ್ಕೆ ಅದರ ನೆರಳಿನ ತುದಿಗೆ ಬಿಳಿ ಬಣ್ಣದ ಚುಕ್ಕೆ ಇಡತೊಡಗಿದರು. ಏಪ್ರಿಲಿನ ಕೊನೆಯ ವಾರದಲ್ಲಿ ನೆರಳು ಸರಳಿನ ಬುಡಕ್ಕೇ ಬಂದು, ಆಮೇಲೆ ದಕ್ಷಿಣಕ್ಕೆ ಹೊರಳಿತು. ಬೇಸಿಗೆ ರಜೆಯ ಸೋಮವಾರಗಳಲ್ಲಿ ಪಕ್ಕದ ಮನೆಯ ಹುಡುಗನೇ ಬಣ್ಣದ ಡಬ್ಬಿ ಹಿಡಿದು ಬರುತ್ತಿದ್ದ. ಜೂನ್ ಮೊದಲ ವಾರ ಮಳೆ ಹಿಡಿಯಿತು. ಸೆಪ್ಟೆಂಬರ್ ನಡುವಿನವರೆಗೆ ಒಂದೇ ಒಂದು ಸೋಮವಾರವೂ ಆ ಹೊತ್ತಿಗೆ ಬಿಸಿಲು ಬೀಳಲಿಲ್ಲ. ನಮ್ಮ ಸಿಮೆಂಟು ಅಂಗಳದಲ್ಲಿರುವ 8ರ ದೊಡ್ಡ ಬಳೆ ಈಗ ಹೆಚ್ಚುಕಡಿಮೆ ಪೂರ್ತಿಯಾಗಿದೆ, ಸಣ್ಣ ಬಳೆ ಅರ್ಧಕ್ಕೆ ನಿಂತಿದೆ. ಈ ಸಲ ಆಗಸ್ಟಿನಲ್ಲಿ ಸೋಮವಾರವನ್ನೇ ಕಾಯದೆ, ಬಿಸಿಲು ಬಿದ್ದ ಯಾವ ದಿನವಾದರೂ 12.30ಕ್ಕೆ ಚುಕ್ಕೆ ಇಟ್ಟು ಪಕ್ಕದಲ್ಲಿ ದಿನಾಂಕ ಬರೆಯುವುದೆಂದು ಒಂಬತ್ತನೇ ತರಗತಿ ತೀರ್ಮಾನಿಸಿದೆ.