ಜೇಬಿಗೆ ಯಾವ ಕ್ಯಾಮೆರಾ? ರಿಕೋ, ಸೋನಿ, ಕ್ಯಾನನ್, ಫ್ಯೂಜಿ ನಾಲ್ಕನ್ನೂ ಬಳಸಿ ನೋಡಿದ ಮೇಲೆ

ದಿನನಿತ್ಯದ ಫೋಟೋಗೆ ಒಂದು ಸಣ್ಣ ಕ್ಯಾಮೆರಾ ಬೇಕು, ಯಾವುದು ತಗೊಳ್ಳಲಿ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಒಂದೇ ಪ್ರಶ್ನೆ ಹಾಕುತ್ತೇನೆ: ಫೋಟೋ ತೆಗೆಯುವಾಗ ಜನರಿಂದ ಎಷ್ಟು ದೂರ ನಿಂತಿರುತ್ತೀರಿ? ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿರುವ ಅಮ್ಮನ ಪಕ್ಕದಲ್ಲೋ, ಶಾಲೆಯ ವಾರ್ಷಿಕೋತ್ಸವದಲ್ಲಿ ಹತ್ತನೇ ಸಾಲಿನ ಕುರ್ಚಿಯಲ್ಲೋ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದಂತೆ. ಬಜೆಟ್ ಆಮೇಲೆ. ಮೆಗಾಪಿಕ್ಸೆಲ್ ಕೊನೆಗೆ.

ನಾನು ಮೈಸೂರಿನಲ್ಲಿ ಹೆಚ್ಚುಕಡಿಮೆ ಒಂದೇ ಜಾಗಗಳಲ್ಲಿ, ಒಂದೇ ಬಗೆಯ ಬೆಳಕಿನಲ್ಲಿ ಬಳಸಿ ನೋಡಿದ್ದು ನಾಲ್ಕು ಕ್ಯಾಮೆರಾ. ರಿಕೋ ಜಿಆರ್ 3 ನನ್ನದೇ. ಸೋನಿ ಆರ್‌ಎಕ್ಸ್ 100 ಮಾರ್ಕ್ 7 ನಮ್ಮ ಭಾವನವರದು. ಕ್ಯಾನನ್ ಜಿ7 ಎಕ್ಸ್ ಮಾರ್ಕ್ 3 ಅಕ್ಕನ ಮಗಳದು. ಅವಳು ಅಡುಗೆಯ ವಿಡಿಯೊ ಮಾಡುತ್ತಾಳೆ. ಫ್ಯೂಜಿಫಿಲ್ಮ್ ಎಕ್ಸ್ 100ವಿ ಬಾಡಿಗೆಗೆ ತಂದದ್ದು. ಮೊದಲ ಮೂರೂ 2019ರಲ್ಲಿ ಬಂದವು, ಫ್ಯೂಜಿ 2020ರದು. ಆಮೇಲೆ 2024ರಲ್ಲಿ ಫ್ಯೂಜಿಯ ಎಕ್ಸ್ 100ವಿಐ, 2025ರಲ್ಲಿ ರಿಕೋ ಜಿಆರ್ 4 ಬಂದಿವೆ. ಅವನ್ನು ನಾನು ಕೈಯಲ್ಲಿ ಹಿಡಿದು ಕೆಲಸ ಮಾಡಿಲ್ಲವಾದ್ದರಿಂದ ಇಲ್ಲಿ ಸೇರಿಸಿಲ್ಲ.

ನಾಲ್ಕರ ಸ್ವಭಾವವನ್ನು ಮೊದಲು ಹೇಳಿಬಿಡುತ್ತೇನೆ. ರಿಕೋದ್ದು 28 ಮಿ.ಮೀ. ನೋಟದ ಒಂದೇ ಲೆನ್ಸ್, ಜೂಮ್ ಇಲ್ಲ (ಈ ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ಫ್ಯೂಜಿಯದೂ ಒಂದೇ ಲೆನ್ಸ್, 35 ಮಿ.ಮೀ. ನೋಟದ್ದು. ಕ್ಯಾನನ್ 24ರಿಂದ 100ರವರೆಗೆ ಎಳೆಯುತ್ತದೆ, ಸೋನಿ 24ರಿಂದ 200ರವರೆಗೆ. ಬ್ಯಾಟರಿ, ಕಾರ್ಡ್ ಸೇರಿ ರಿಕೋ 257 ಗ್ರಾಂ, ಸೋನಿ 302, ಕ್ಯಾನನ್ 304, ಫ್ಯೂಜಿ 478. ಕಾಗದದ ಮೇಲೆ ಫ್ಯೂಜಿ ಬಿಟ್ಟರೆ ಉಳಿದವು ಅಕ್ಕಪಕ್ಕದವೇ ಅನ್ನಿಸುತ್ತದೆ. ಜೇಬಿಗೆ ಹಾಕಿದಾಗ ಹಾಗಿಲ್ಲ. ರಿಕೋದ ದಪ್ಪ 33 ಮಿ.ಮೀ., ಪ್ಯಾಂಟಿನ ಜೇಬಿಗೆ ಸಲೀಸಾಗಿ ಇಳಿಯುತ್ತದೆ. ಸೋನಿ, ಕ್ಯಾನನ್ ಎರಡೂ 40 ದಾಟಿವೆ. ಜೇಬಿನಲ್ಲಿ ಉಬ್ಬಿಕೊಂಡು ಬಸ್ಸಿನ ಸೀಟಿನಲ್ಲಿ ಕೂತಾಗ ಒತ್ತುತ್ತವೆ. ಫ್ಯೂಜಿಗೆ ಜೇಬಿನ ಮಾತೇ ಇಲ್ಲ, ಹೆಗಲಿಗೆ ಪಟ್ಟಿ ಬೇಕು.

ಇನ್ನು ಬೆಳಕು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಏಕೆಂದರೆ ಅಂಗಡಿಯಲ್ಲಿ ಜನ ದಾರಿ ತಪ್ಪುವುದು ಇಲ್ಲೇ. ಲೆನ್ಸಿನ ಮೇಲೆ ಬರೆದ ಅಪರ್ಚರ್ ಸಂಖ್ಯೆ (ಬೆಳಕು ಬಿಡುವ ಕಿಂಡಿಯ ಅಳತೆ; ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ನೋಡಿ "ಕ್ಯಾನನ್ ಎಫ್ 1.8, ರಿಕೋ ಎಫ್ 2.8, ಹಾಗಾದರೆ ಕತ್ತಲಲ್ಲಿ ಕ್ಯಾನನ್ನೇ ಮೇಲು" ಎಂದುಕೊಳ್ಳುತ್ತಾರೆ. ಲೆನ್ಸಿನ ಹಿಂದಿರುವ, ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ಎಷ್ಟು ದೊಡ್ಡದು ಎಂಬುದನ್ನೂ ಜೊತೆಗೆ ನೋಡಬೇಕು. ಕ್ಯಾನನ್, ಸೋನಿಗಳ ಸೆನ್ಸರ್ 13.2 x 8.8 ಮಿ.ಮೀ.; ರಿಕೋ, ಫ್ಯೂಜಿಗಳದು ಸುಮಾರು 23.5 x 15.6 ಮಿ.ಮೀ. ವಿಸ್ತೀರ್ಣದಲ್ಲಿ ಮೂರು ಪಟ್ಟಿಗಿಂತ ಜಾಸ್ತಿ. ಅಪರ್ಚರ್, ಸೆನ್ಸರ್ ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ, ಒಂದೇ ಶಟರ್ ವೇಗದಲ್ಲಿ (ಅಂದರೆ ಬೆಳಕು ಒಳಬಿಡುವ ಹೊತ್ತು ಒಂದೇ ಆಗಿರುವಾಗ) ಸೋನಿಯ ಸೆನ್ಸರಿಗೆ ಬೀಳುವ ಒಟ್ಟು ಬೆಳಕನ್ನು 1 ಎಂದಿಟ್ಟುಕೊಳ್ಳಿ: ಕ್ಯಾನನ್‌ಗೆ ಸುಮಾರು 2.4, ರಿಕೋಗೆ 3.2, ಫ್ಯೂಜಿಗೆ 6. ಇದು ಜೂಮ್ ಎಳೆಯದೆ ಇರುವಾಗಿನ ಲೆಕ್ಕ. ಎಳೆದಂತೆ ಕ್ಯಾನನ್ ಎಫ್ 2.8ಕ್ಕೂ ಸೋನಿ ಎಫ್ 4.5ಕ್ಕೂ ಇಳಿಯುತ್ತವೆ. ಅಂದರೆ ಎಲ್ಲಕ್ಕಿಂತ ತೆಳ್ಳಗಿರುವ ರಿಕೋ ಕತ್ತಲಲ್ಲಿ ಕ್ಯಾನನ್‌ಗೆ ಸೋಲುವುದಿಲ್ಲ. ಒಂದು ಕೈ ಮೇಲೇ ಇದೆ.

ಈ ಲೆಕ್ಕ ನಮ್ಮ ಅಡುಗೆಮನೆಯಲ್ಲಿ ಕಣ್ಣಿಗೆ ಕಂಡಿತು. ಹಳೇ ಮನೆ, ಒಂದು ಕಿಟಕಿ, ಮೇಲೊಂದು ಟ್ಯೂಬ್‌ಲೈಟ್. ಒಲೆಗೂ ಎದುರಿನ ಗೋಡೆಗೂ ನಡುವೆ ಒಬ್ಬರು ನಿಲ್ಲುವಷ್ಟೇ ಜಾಗ. ರಿಕೋದ 28 ಮಿ.ಮೀ. ನೋಟದಲ್ಲಿ ಅಮ್ಮನ ಮುಖ, ಕೈಯಲ್ಲಿನ ಸೌಟು, ಒಲೆ, ಕಿಟಕಿಯಿಂದ ಬೀಳುವ ಬೆಳಕು ಎಲ್ಲವೂ ಚೌಕಟ್ಟಿಗೆ ಬಂದವು. ಫ್ಯೂಜಿಯಲ್ಲಿ ಚಿತ್ರ ಇನ್ನೂ ಶುಭ್ರ, ಆದರೆ 35 ಮಿ.ಮೀ.ಗೆ ಹಿಂದೆ ಸರಿಯಲು ಗೋಡೆ ಬಿಡಲಿಲ್ಲ. ಮುಖ ಬಂದರೆ ಒಲೆ ಹೋಯಿತು. ಸೋನಿ, ಕ್ಯಾನನ್ 24ಕ್ಕೆ ಹೋಗುವುದರಿಂದ ಜಾಗ ಸಾಕಾಯಿತು. ಆದರೆ ಸೋನಿಯಲ್ಲಿ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಬೇಕಾಗಿ ಬಂದು ಸೀರೆಯ ಅಂಚಿನ ನೇಯ್ಗೆ ಕಲಸಿಹೋಯಿತು.

ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಬಲ್ಬುಗಳ ಕೆಳಗೆ ಫೋಟೋ ತೆಗೆಯುವ ಯಾರಿಗೇ ಆಗಲಿ ಗೊತ್ತಿರಬೇಕಾದ ಒಂದು ಸಂಗತಿ ಇದೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಹಾಗಾಗಿ ಅಂಥ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸದ್ದಾಗದಿರಲಿ ಎಂದು ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಚಿತ್ರದ ಅಡ್ಡಕ್ಕೆ ಕಪ್ಪು ಪಟ್ಟಿಗಳು ಬರಬಹುದು. ಮೆಕ್ಯಾನಿಕಲ್ ಶಟರ್ ಇಟ್ಟು 1/50 ಅಥವಾ 1/100 ಸೆಕೆಂಡಿನಲ್ಲಿ ತೆಗೆದರೆ ತಾಪತ್ರಯ ಇಲ್ಲ. ನಾಲ್ಕೂ ಕ್ಯಾಮೆರಾಗಳ ಮೆಕ್ಯಾನಿಕಲ್ ಶಟರ್ ಲೆನ್ಸಿನೊಳಗೇ ಇರುವಂಥದ್ದು, ಸದ್ದು ತೀರಾ ಕಡಿಮೆ. ಮಲಗಿದ ಮಗು ಏಳುವುದಿಲ್ಲ.

ಇಷ್ಟೆಲ್ಲ ಯಾಕೆ, ಫೋನ್ ಸಾಲದೇ ಎಂಬ ಮಾತು ಬರುತ್ತದೆ. ಹಗಲಿನ ಬೆಳಕಿಗೆ ಸಾಕು. ದೇವರಮನೆಯಲ್ಲಿ ದೀಪ ಹಚ್ಚಿದಾಗ ಸಾಲದು. ಫೋನು ಹಲವು ಎಕ್ಸ್‌ಪೋಶರ್‌ಗಳನ್ನು ಬೆರೆಸಿ ಮೂಲೆಯ ಕತ್ತಲನ್ನೂ ಬೆಳಗಿಸಿಬಿಡುತ್ತದೆ. ದೀಪದ ಬೆಳಕು ಮುಖದ ಒಂದು ಕೆನ್ನೆಗೆ ಮಾತ್ರ ಬಿದ್ದಿತ್ತು ಎಂಬುದು ಚಿತ್ರದಲ್ಲಿ ಉಳಿಯುವುದಿಲ್ಲ. ಈ ನಾಲ್ಕರಲ್ಲಿ ಯಾವುದನ್ನು ಹಿಡಿದರೂ ಕತ್ತಲನ್ನು ಕತ್ತಲಾಗಿಯೇ ಬಿಡಬಹುದು. ನನಗೆ ಕಾಂಪ್ಯಾಕ್ಟ್ ಕ್ಯಾಮೆರಾ ಬೇಕಾದದ್ದೇ ಇದಕ್ಕೆ.

ದೇವರಾಜ ಮಾರುಕಟ್ಟೆಗೆ ಬನ್ನಿ. ಮೇಲೆ ಟಾರ್ಪಾಲು, ಅದರ ಹರುಕಿನಿಂದ ಬೀಳುವ ಬಿಸಿಲು, ಕೆಳಗೆ ಸೇವಂತಿಗೆ, ಕುಂಕುಮದ ಗುಡ್ಡೆಗಳು, ಮಾರು ಲೆಕ್ಕದಲ್ಲಿ ಹೂ ಅಳೆಯುವ ಕೈಗಳು. ಇಲ್ಲಿ ಫೋಕಸ್ ಆಗಲಿ ಎಂದು ಕಾದು ನಿಂತರೆ ಕೈ ಮುಂದಕ್ಕೆ ಹೋಗಿರುತ್ತದೆ. ರಿಕೋದಲ್ಲಿ ಸ್ನ್ಯಾಪ್ ಫೋಕಸ್ ಎಂಬ ವ್ಯವಸ್ಥೆ ಇದೆ: ದೂರವನ್ನು ಮೊದಲೇ ನಿಗದಿ ಮಾಡಿಟ್ಟು, ಗುಂಡಿಯನ್ನು ಒಂದೇ ಸಲಕ್ಕೆ ಪೂರ್ತಿ ಒತ್ತಿದರೆ ಆ ದೂರಕ್ಕೇ ಚಿತ್ರ ಬೀಳುತ್ತದೆ. ಅಪರ್ಚರ್ ಎಫ್ 5.6, ದೂರ 2 ಮೀಟರ್ ಇಟ್ಟರೆ ಸುಮಾರು 1.2 ಮೀಟರಿನಿಂದ 6 ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಮಾರುಕಟ್ಟೆಯ ಓಣಿಗೆ ಇದಕ್ಕಿಂತ ಹೆಚ್ಚು ಬೇಡ. ಜೇಬಿನಿಂದ ತೆಗೆದು ಒಂದು ಸೆಕೆಂಡಿನೊಳಗೆ ಮೊದಲ ಚಿತ್ರ ಸಿಗುತ್ತದೆ, ಅದೂ ಒಂದೇ ಕೈಯಲ್ಲಿ. ಇನ್ನೊಂದು ಕೈಯಲ್ಲಿ ಸೊಪ್ಪಿನ ಚೀಲ. ಜಪಾನಿನ ರಸ್ತೆ ಛಾಯಾಗ್ರಾಹಕ ದೈದೋ ಮೊರಿಯಾಮಾ ಫಿಲಂ ಕಾಲದಿಂದಲೂ ಜಿಆರ್ ಸರಣಿಯನ್ನು ಹಿಡಿದು ನಡೆದವರು; ಯಾಕೆಂದು ನನಗೆ ಅರ್ಥವಾದದ್ದು ಈ ಓಣಿಗಳಲ್ಲಿ.

ಫ್ಯೂಜಿಗೆ ಇಲ್ಲಿ ಬೇರೆಯೇ ಗುಣ. ಅದು ನೋಡಲು ಹಳೇ ಕಾಲದ ಕ್ಯಾಮೆರಾದಂತಿದೆ: ಶಟರ್ ವೇಗಕ್ಕೊಂದು ಡಯಲ್, ಲೆನ್ಸಿನ ಸುತ್ತ ಅಪರ್ಚರ್ ಉಂಗುರ, ಕಣ್ಣಿಟ್ಟು ನೋಡಲು ಗಾಜಿನ ವ್ಯೂಫೈಂಡರ್. "ಇದು ರೀಲ್ ಕ್ಯಾಮೆರಾನಾ ಸಾರ್?" ಎಂದು ವಯಸ್ಸಾದ ವ್ಯಾಪಾರಿಗಳು ತಾವಾಗಿಯೇ ಮಾತಿಗೆಳೆಯುತ್ತಾರೆ. ಮಾತು ಶುರುವಾದ ಮೇಲೆ ಅವರು ಒಪ್ಪಿ ಕೂತ ಭಾವಚಿತ್ರಗಳು ಸಿಗುತ್ತವೆ, ಮತ್ತು ಅದಕ್ಕೆ 35 ಮಿ.ಮೀ. ನೋಟ ಬಲು ಚೆನ್ನ. 28ರಲ್ಲಿ ತೀರಾ ಹತ್ತಿರ ಹೋದರೆ ಮೂಗು ಉದ್ದವಾಗುತ್ತದೆ. ಬಣ್ಣದ ವಿಷಯದಲ್ಲೂ, ಕ್ಲಾಸಿಕ್ ಕ್ರೋಮ್ ಮುಂತಾದ ಫಿಲಂ ಛಾಯೆಗಳನ್ನು ಕ್ಯಾಮೆರಾದಲ್ಲೇ ಹಾಕಿ ತೆಗೆದ ಜೆಪೆಗ್ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಮುಟ್ಟುವ ಅಗತ್ಯವೇ ಬೀಳಲಿಲ್ಲ.

ಸೋಮನಾಥಪುರದ ಕೇಶವ ದೇವಾಲಯದ ನವರಂಗದಲ್ಲಿ (ಗರ್ಭಗುಡಿಯ ಮುಂದಿನ ಕಂಬಗಳ ಮಂಟಪದಲ್ಲಿ) ಲೆಕ್ಕ ಮತ್ತೆ ಬದಲಾಯಿತು. ಒಳಗೆ ಮಬ್ಬು, ಟ್ರೈಪಾಡಿಗೆ ಅನುಮತಿ ಬೇಕು. ತಲೆಯ ಮೇಲೆ ಭುವನೇಶ್ವರಿಯ, ಅಂದರೆ ಒಳಚಾವಣಿಯ, ಕೆತ್ತನೆ, ಸುತ್ತ ಕಡೆದ ಕಂಬಗಳು. ಕಲ್ಲು ಅಲುಗುವುದಿಲ್ಲ, ಅಲುಗುವುದು ನಮ್ಮ ಕೈ. ರಿಕೋದಲ್ಲಿ ಸೆನ್ಸರನ್ನೇ ಸರಿಸಿ ನಡುಕ ತಡೆಯುವ ವ್ಯವಸ್ಥೆ ಇದೆ. ಕಂಬಕ್ಕೆ ಒರಗಿ, ಉಸಿರು ಹಿಡಿದು ಕಾಲು ಸೆಕೆಂಡಿನವರೆಗೂ ತೆಗೆದೆ, ಐಎಸ್‌ಒ ಏರಿಸಬೇಕಾಗಲಿಲ್ಲ. ಸೋನಿ, ಕ್ಯಾನನ್‌ಗಳ ಲೆನ್ಸಿನಲ್ಲೂ ನಡುಕ ತಡೆ ಇದೆ. ಎಕ್ಸ್ 100ವಿಯಲ್ಲಿ ಇಲ್ಲ, ಫ್ಯೂಜಿ ಅದನ್ನು ಕೊಟ್ಟದ್ದು 2024ರ ಮಾದರಿಯಲ್ಲಿ. ಹಾಗಾಗಿ ಓಡಾಡುವ ಮನುಷ್ಯರಿಗೆ ಫ್ಯೂಜಿಯ ಬೆಳಕು ಗೆಲ್ಲುತ್ತದೆ, ನಿಂತ ಕಲ್ಲಿಗೆ ರಿಕೋದ ಸ್ಥಿರತೆ ಗೆಲ್ಲುತ್ತದೆ.

ದೂರದ ಮಾತು ಬಂದರೆ ಸೋನಿಯ ಎದುರು ಉಳಿದ ಮೂರೂ ಸುಮ್ಮನಾಗಬೇಕು. ವೇದಿಕೆಯ ಮೇಲೆ ಯಕ್ಷಗಾನದ ವೇಷ ಹಾಕಿದ ಮಗುವಿನ ಕಣ್ಣನ್ನು ಹುಡುಕಿ, ಅದು ಕುಣಿದರೂ ತಿರುಗಿದರೂ ಬಿಡದೆ ಫೋಕಸ್ ಹಿಡಿದಿಟ್ಟಿತು. ಸೆಕೆಂಡಿಗೆ 20 ಚಿತ್ರ ತೆಗೆಯುತ್ತದೆ, ಅಷ್ಟರಲ್ಲಿ ಕಿರೀಟ ಸರಿಯಾಗಿ ತಿರುಗಿದ ಕ್ಷಣ ಒಂದಾದರೂ ಇದ್ದೇ ಇರುತ್ತದೆ. ಕುಕ್ಕರಹಳ್ಳಿ ಕೆರೆಯ ಏರಿಯಿಂದ ಹೆಜ್ಜಾರ್ಲೆಗಳು, ದಸರೆಯ ದಿನ ಸಯ್ಯಾಜಿರಾವ್ ರಸ್ತೆಯ ಜನರ ತಲೆಗಳ ಮೇಲಿಂದ ಅಂಬಾರಿ: ಇವು 200 ಮಿ.ಮೀ. ಇಲ್ಲದೆ ಆಗುವ ಕೆಲಸಗಳಲ್ಲ. ರಿಕೋದಲ್ಲಿ ಚಿತ್ರವನ್ನು ಕತ್ತರಿಸಿ 50 ಮಿ.ಮೀ. ನೋಟ ಮಾಡಿಕೊಳ್ಳಬಹುದು, ಅಷ್ಟಕ್ಕೆ ನಿಂತಿತು. ಬಿಸಿಲಲ್ಲಿ ಪರದೆ ಕಾಣದಾದಾಗ ಮೂಲೆಯಿಂದ ಮೇಲಕ್ಕೆ ಚಿಮ್ಮುವ ಸೋನಿಯ ವ್ಯೂಫೈಂಡರ್ ಕೂಡ ದೊಡ್ಡ ಉಪಕಾರ. ರಿಕೋ, ಕ್ಯಾನನ್ ಎರಡಕ್ಕೂ ವ್ಯೂಫೈಂಡರ್ ಇಲ್ಲ. ಮೈಸೂರಿನ ಏಪ್ರಿಲ್ ಮಧ್ಯಾಹ್ನ ಅವುಗಳಲ್ಲಿ ಚೌಕಟ್ಟು ಕಟ್ಟುವುದು ಅಂದಾಜಿನ ಮೇಲೆ.

ಕ್ಯಾನನ್ ಬಗ್ಗೆ ಕಡಿಮೆ ಹೇಳಿದ್ದೇನೆ, ಅದು ಕಡಿಮೆಯದು ಎಂದಲ್ಲ. ಮನೆಯಲ್ಲಿ ಎಲ್ಲರೂ ಹಿಡಿಯುವ ಕ್ಯಾಮೆರಾ ಬೇಕಾದರೆ ನಾನು ಇದನ್ನೇ ಹೇಳುವುದು. ನಮ್ಮ ಮೈಬಣ್ಣವನ್ನು ಬೂದಿಯಾಗಿಸದೆ ಬೆಚ್ಚಗೆ ತೋರಿಸುತ್ತದೆ. ಮದುವೆ ಮನೆಯ ಗುಂಪು ಚಿತ್ರಕ್ಕೆ ಫ್ಲ್ಯಾಶ್ ಇದೆ. ರಿಕೋದಲ್ಲಿ ಅದಿಲ್ಲ, ಹೊರಗಿನಿಂದ ಸಿಕ್ಕಿಸಬೇಕು. ಪರದೆಯನ್ನು ನಮ್ಮ ಕಡೆಗೆ ತಿರುಗಿಸಬಹುದು, ಮೈಕ್ ಚುಚ್ಚಬಹುದು, ಹಾಗಾಗಿ ಅಕ್ಕನ ಮಗಳ ವಿಡಿಯೊಗೆ ಇದಕ್ಕಿಂತ ಹೊಂದುವುದು ಈ ನಾಲ್ಕರಲ್ಲಿ ಇಲ್ಲ. ಸೋನಿಗೂ ಈ ಎರಡು ಅನುಕೂಲ ಇವೆ, ಆದರೆ ಒಳಾಂಗಣದಲ್ಲಿ ಅದಕ್ಕೆ ಬೆಳಕಿನ ಬಡತನ.

ಬ್ಯಾಟರಿಯಲ್ಲಿ ರಿಕೋ ಹಿಂದೆ: ಒಂದು ಚಾರ್ಜಿಗೆ 200 ಚಿತ್ರ ಎಂಬುದು ಕಂಪನಿಯದೇ ಲೆಕ್ಕ. ಕ್ಯಾನನ್ 235, ಸೋನಿ 260, ಫ್ಯೂಜಿ 350. ರಿಕೋ ಕೊಳ್ಳುವವರು ಎರಡನೇ ಬ್ಯಾಟರಿಯ ಹಣವನ್ನು ಅದರ ಬೆಲೆಗೇ ಸೇರಿಸಿಕೊಳ್ಳಬೇಕು. ಮಳೆ, ಧೂಳಿಗೆ ಇವುಗಳಲ್ಲಿ ಯಾವುದೂ ಹಾಗೇ ಒಗ್ಗುವುದಿಲ್ಲ; ಫ್ಯೂಜಿಗೆ ಮಾತ್ರ ಲೆನ್ಸಿನ ಮುಂದೆ ಅಡಾಪ್ಟರ್ ಉಂಗುರ, ಫಿಲ್ಟರ್ ಹಾಕಿದರೆ ತುಂತುರಿನ ರಕ್ಷಣೆ ಸಿಗುತ್ತದೆ. ಲೆನ್ಸ್ ಒಳಗೆ ಹೊರಗೆ ಚಾಚುವ ಕ್ಯಾಮೆರಾವನ್ನು ಜೇಬಿನಲ್ಲಿ ಬರಿದೇ ಇಡಬೇಡಿ, ತೆಳುವಾದ ಬಟ್ಟೆಯ ಚೀಲ ಇರಲಿ. ಮಲೆನಾಡಿನವರು, ಕರಾವಳಿಯವರು ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಲೆನ್ಸಿನೊಳಗೆ ಬೂಷ್ಟು ಹಿಡಿದರೆ ಬಿಡಿಸುವುದು ಕಷ್ಟದ ಕೆಲಸ.

ನನ್ನ ಆಯ್ಕೆ ರಿಕೋ. ನಾನು ತೆಗೆಯುವುದು ಕೈಗೆಟುಕುವ ದೂರದ ಜನರನ್ನು, ಹೆಚ್ಚಾಗಿ ಮನೆಯೊಳಗೆ, ಕೆಲಸಕ್ಕೆ ಹೋಗಿ ಬರುವ ದಾರಿಯಲ್ಲಿ. ಫ್ಯೂಜಿಯ ಚಿತ್ರಗಳು ನನಗೆ ಹೆಚ್ಚು ಇಷ್ಟ, ಇದನ್ನು ಮುಚ್ಚಿಡುವುದಿಲ್ಲ. ಆದರೆ ಅದನ್ನು ಹೆಗಲಿಗೆ ಹಾಕಿಕೊಂಡು ಹೊರಡಬೇಕೆಂದರೆ ಫೋಟೋಗೆಂದೇ ಹೊರಡಬೇಕು. ಹಾಲು ತರಲು ಹೋದಾಗ ಅದು ಮನೆಯಲ್ಲೇ ಉಳಿಯಿತು. ವಾರಕ್ಕೊಮ್ಮೆ ಸಮಯ ಮಾಡಿಕೊಂಡು ನಡೆಯುವವರು ಫ್ಯೂಜಿ ಕೊಳ್ಳಲಿ. ಶಾಲೆಗೆ ಹೋಗುವ ಮಕ್ಕಳಿದ್ದರೆ, ಪ್ರವಾಸ ಹೆಚ್ಚಿದ್ದರೆ ಯೋಚನೆಯೇ ಬೇಡ, ಸೋನಿ.

ಇವುಗಳಲ್ಲಿ ಹೆಚ್ಚಿನವು ಕೈಬದಲಾಗಿ, ಸೆಕೆಂಡ್ ಹ್ಯಾಂಡ್ ಆಗಿಯೇ ಸಿಗುವುದುಂಟು. ಕೊಳ್ಳುವ ಮೊದಲು ಬಿಳಿ ಗೋಡೆಗೆ ಹಿಡಿದು, ಅಪರ್ಚರನ್ನು ರಿಕೋ, ಫ್ಯೂಜಿಗಳಲ್ಲಿ ಎಫ್ 16ಕ್ಕೆ, ಸೋನಿ, ಕ್ಯಾನನ್‌ಗಳಲ್ಲಿ ಎಫ್ 11ಕ್ಕೆ ಇಳಿಸಿ, ಒಂದು ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ಬೂದು ಚುಕ್ಕೆಗಳು ಕಂಡರೆ ಸೆನ್ಸರಿನ ಮೇಲೆ ಧೂಳು ಕೂತಿದೆ. ಲೆನ್ಸ್ ಬದಲಿಸಲಾಗದ ಕ್ಯಾಮೆರಾ ಆದ್ದರಿಂದ ಅದನ್ನು ಮನೆಯಲ್ಲಿ ಒರೆಸಲಾಗದು, ಬಿಚ್ಚಿಸಬೇಕು. ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ. ಲೆನ್ಸ್ ಚಾಚುವ ಕ್ಯಾಮೆರಾ ಆದರೆ ನಾಲ್ಕಾರು ಸಲ ಆನ್ ಆಫ್ ಮಾಡಿ ಕಿವಿಗೊಡಿ, ಕರಕರ ಎಂದರೆ ಬಿಡಿ. ಹಿಂದಿನ ಪರದೆಯನ್ನು ಬಿಸಿಲಿಗೆ ಹಿಡಿದು ಗೀರು ನೋಡಿ, ಮಾರುವವರ ಹತ್ತಿರ ಬಿಲ್ಲು ಕೇಳಿ, ಅದರ ಸರ್ವೀಸ್ ನಿಮ್ಮ ಊರಿಗೆ ಹತ್ತಿರದಲ್ಲಿ ಎಲ್ಲಿದೆ ಎಂದು ವಿಚಾರಿಸಿಕೊಂಡು ಆಮೇಲೆ ಹಣ ಕೊಡಿ.