ಜಗತ್ ಸರ್ಕಲ್ ಹತ್ರದ ಸ್ಪೋಕನ್ ಇಂಗ್ಲಿಷ್ ಕ್ಲಾಸ್, ಎರಡು ತಿಂಗಳು ಹೋಗಿ ಬರೀಲಿಕತ್ತೀನಿ

ಕಲಬುರಗಿ ಜಗತ್ ಸರ್ಕಲ್ ಹತ್ರ ಅಂಗಡಿ ಮ್ಯಾಲಿನ ಒಂದು ರೂಮಿನ್ಯಾಗ ನಡೀತದ್ರಿ ಈ ಕ್ಲಾಸು. ಮೊದಲು ಇನ್ನೊಂದು ಕಡೆ ಸೇರಿದ್ದೆ, ಅಲ್ಲಿ ಬರೇ ಝೆರಾಕ್ಸ್ ಕೊಟ್ಟು ಬಾಯಿಪಾಠ ಮಾಡ್ರಿ ಅಂತಿದ್ರು, ಒಂದೂ ತಲ್ಯಾಗ ಉಳೀಲಿಲ್ಲ.

ಇಲ್ಲಿ ಮೇಡಂ ಒಂದಿನ ಪೂರಾ ಸಂಜಿ 'ಡಿಸೈಡ್' ಅನ್ನೋ ಒಂದೇ ವರ್ಬ್ ಹಿಡ್ಕೊಂಡು ಕುಂತ್ರು. ದಿನಾ ಬಾಯಾಗ ಬರೋ ಮಾತು, ಅದ್ರಾಗೇನದ ಅನ್ಕೊಂಡಿದ್ದೆ. ಮೂಲ ಲ್ಯಾಟಿನ್ ಅಂತ್ರಿ, 'ಡೆ' ಅಂದ್ರ ಆಚಿಗೆ, 'ಕೈಡೆರೆ' ಅಂದ್ರ ಕಡಿಯೋದು, ಎಳೆದಾಡೋ ವಿಷಯ ಕಡಿದು ಮುಗಿಸೋದು ಅಂತ ಅರ್ಥ ಆಗಿ, ಫ್ರೆಂಚ್ ದಾಟಿ 14ನೇ ಶತಮಾನದ ಕೊನಿಗೆ ಇಂಗ್ಲಿಷಿಗೆ ಬಂತಂತ.

ನಮ್ಮ ಭಾಷಾದಾಗ ಇಂಥಾದ್ದು ಇಲ್ಲೇನು ಅಂತ ಮೇಡಂ ಕೇಳಿದ್ರು. ಹಿಂದ ಕುಂತಿದ್ದ ಒಬ್ಬ ಅಕ್ಕೋರು "ಕಡ್ಡಿ ಮುರಿದಂಗ ಹೇಳು ಅಂತೀವಲ್ರಿ" ಅಂದ್ರು. ಮೇಡಂ ಕೈಯಾಗಿನ ಚಾಕ್‌ಪೀಸ್ ಪಟ್ ಅಂತ ಮುರಿದು ಟೇಬಲ್ ಮ್ಯಾಲ ಇಟ್ರು, ಉಳಿದ ತುಂಡಿನಿಂದ ಬೋರ್ಡ್ ಮ್ಯಾಲ 'ಖಂಡಿತ' ಅಂತ ಬರದ್ರು. ಸಂಸ್ಕೃತದಾಗ ಅದಕ್ಕೂ ತುಂಡಾದದ್ದು ಅಂತನೇ ಅರ್ಥ! ದಿನಕ್ಕ ಹತ್ತು ಸಲ 'ಖಂಡಿತ ಬರ್ತೀನ್ರಿ' ಅಂತೀನಿ, ಅದರೊಳಗೂ ಒಂದು ಕಡಿತ ಅದ ಅಂತ ಗೊತ್ತೇ ಇರ್ಲಿಲ್ಲ, ಮೈ ಝುಮ್ ಅಂತು.

ತೊಗರಿಗೆ ಹೊಡಿಯೋ ಪೆಸ್ಟಿಸೈಡ್ ಅದಲ್ಲ, ಅದರಾಗಿನ 'ಸೈಡ್' ಸುದ್ದಾ ಇದೇ ಕೈಡೆರೆ, ಅಲ್ಲಿ ಕೊಲ್ಲೋದು. ಹಂಗಂದ್ರ ಭೂಗೋಳದಾಗ ಬರೋ 'ಡೆಸಿಡ್ಯುಯಸ್', ಎಲಿ ಉದುರೋ ಗಿಡ, ಅದೂ ಇದೇ ಏನ್ರಿ ಅಂತ ನಾ ಕೇಳ್ದೆ. ಅಲ್ಲಂತ, ಅದು 'ಕಾಡೆರೆ', ಅಂದ್ರ ಬೀಳೋದು, ನೋಡ್ಲಿಕ್ಕೆ ಒಂದೇ ಥರ ಕಂಡ್ರೂ ಬೇರು ಬ್ಯಾರೆ ಅಂತ ಸಮಾಧಾನದಿಂದ ಬಿಡಿಸಿ ಹೇಳಿದ್ರು. ಡಿಸೈಡ್‌ನಾಗಿನ 'ಡಿ' ಹೋಗಿ ಡಿಸಿಜನ್‌ನಾಗ 'ಎಸ್' ಬರೋದೂ ಲ್ಯಾಟಿನ್ ಕಾಲದಿಂದನೇ ಬಂದದ್ದಂತ, ಅವತ್ತಿನಿಂದ ಆ ಸ್ಪೆಲ್ಲಿಂಗ್ ನಂಗ ತಪ್ಪಿಲ್ಲ.

ಕೊರತಿನೂ ಹೇಳ್ತೀನಿ. ಬ್ಯಾಸಿಗ್ಯಾಗ ಆ ರೂಮಿನ್ಯಾಗ ಕೂಡೋದು ಭಾಳ ಕಷ್ಟ, ಇರೋವು ಎರಡೇ ಫ್ಯಾನು. ಮಾತಾಡೋ ಪ್ರಾಕ್ಟೀಸ್ ಇನ್ನೂ ಜಾಸ್ತಿ ಬೇಕು, ಮುಂದಿನ ವಾರನೇ ಇಂಟರ್‌ವ್ಯೂ ಇದ್ದೋರಿಗೆ ಈ ಕ್ಲಾಸ್ ಆಗೋದಿಲ್ಲ, ಇದು ನಿಧಾನಕ್ಕ ಕಲಿಯೋರಿಗೆ. ಫೀ ತಿಂಗಳಿಗೆ 800, ಎರಡು ಸಲ ಕೊಟ್ರೂ ನಡೀತದ. ನಮ್ಮ ತಂಗೀನ ಈ ತಿಂಗಳಿಂದ ಸಂಜಿ 6ರ ಬ್ಯಾಚಿಗೆ ಹಾಕೀನಿ.